ಬಸ್ಸಿಗೆ ದುಡ್ಡು ಬೇಡ ಅಂದಿರಿ, ಬುತ್ತಿ ಬಿಚ್ಚೋಕೆ ಒಂದು ನೆರಳೂ ಕೊಡಿ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,

ನಮಸ್ಕಾರ ಸ್ವಾಮಿ. ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಗಳಿಗೆ 11 ವರ್ಷ, ಮಗನಿಗೆ 8.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಅದಕ್ಕೆ ಮೊದಲು ನಾವು ಮೈಸೂರಿಗೆ ಹೋಗುತ್ತಿದ್ದದ್ದು ಆಸ್ಪತ್ರೆಗೆ, ಇಲ್ಲದಿದ್ದರೆ ಯಾರದಾದರೂ ಮದುವೆಗೆ. ಈಗ ಬೇಸಿಗೆ ರಜೆಯಲ್ಲಿ, ದಸರಾ ರಜೆಯಲ್ಲಿ ಒಂದೊಂದು ಭಾನುವಾರ ಊರು ನೋಡುವುದಕ್ಕೆಂದೇ ಹೋಗುತ್ತೇವೆ. ನನಗೆ, ಅತ್ತೆಗೆ, ಮಗಳಿಗೆ ಶೂನ್ಯ ಟಿಕೆಟ್. ಮಗನಿಗೆ ಅರ್ಧ ಟಿಕೆಟ್. ಜೂ, ಅರಮನೆಯ ಒಳಗು, ಇವಕ್ಕೆ ನಾಲ್ಕು ಜನದ ಲೆಕ್ಕ ಹಾಕಿ ಮುಂದಿನ ವರ್ಷಕ್ಕೆ ಅಂತ ಬಿಟ್ಟಿದ್ದೇವೆ. ಅದರಿಂದ ಮಕ್ಕಳಿಗೆ ಬೇಜಾರಾಗಿಲ್ಲ. ಟಿಕೆಟ್ ಇಲ್ಲದೆಯೇ ನೋಡುವಂಥದ್ದು ಮೈಸೂರಿನಲ್ಲಿ ಅಷ್ಟಿದೆ.

ಈ ಬೇಸಿಗೆಯಲ್ಲಿ ನಾವು ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆವು. ಅತ್ತೆಗೆ ಮಂಡಿನೋವು, ಅವರನ್ನು ಸಿಟಿ ಬಸ್ಸಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಕಳಿಸಿ ನಾನೂ ಮಕ್ಕಳೂ ಪಾದದಿಂದ ಮೆಟ್ಟಿಲು ಹತ್ತಿದೆವು. ದೊಡ್ಡದೇವರಾಜ ಒಡೆಯರ ಕಾಲದ ಮೆಟ್ಟಿಲುಗಳು. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ಮಗ ಮೆಟ್ಟಿಲು ಎಣಿಸುತ್ತಾ ಬಂದವನು ದೊಡ್ಡ ನಂದಿಯ ಎದುರು ಲೆಕ್ಕ ತಪ್ಪಿಸಿಕೊಂಡ. ಒಂದೇ ಕಲ್ಲಿನದು ಎಂದರೆ ನಂಬಲಿಲ್ಲ, ಎಲ್ಲಾದರೂ ಜೋಡಿಸಿದ ಗುರುತಿದೆಯಾ ಅಂತ ಸುತ್ತೆಲ್ಲ ತಿರುಗಿ ಹುಡುಕಿದ.

ಅಲ್ಲಿಂದ ಇಳಿದು ದೊಡ್ಡ ಗಡಿಯಾರ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ್ದಂತೆ. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ. ಸರ್ಕಾರಿ ಶಾಲೆಯಲ್ಲಿ ಕಲಿತ ಅಂಕಿಯನ್ನು ಅಷ್ಟೆತ್ತರದಲ್ಲಿ ಓದಿ, ಗಂಟೆ ಎಷ್ಟೆಂದು ಅಜ್ಜಿಗೆ ಹೇಳುವಾಗ ನನ್ನ ಮಗಳ ಮುಖ ನೀವು ನೋಡಬೇಕಿತ್ತು.

ಇನ್ನು ಕಾರಂಜಿ ಕೆರೆಯ ದಡದಲ್ಲಿ 1995ರಿಂದ ಇರುವ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯ. ಒಳಗೆ ಹೋಗಲು ದುಡ್ಡು ಕೇಳುವುದಿಲ್ಲ. ಕಾಡು, ಪ್ರಾಣಿ, ಗಿಡ ಎಲ್ಲವನ್ನೂ ಮಕ್ಕಳಿಗೆ ಅರ್ಥವಾಗುವ ಹಾಗೆ ಮಾಡಿಟ್ಟಿದ್ದಾರೆ. ನಾಗರಹೊಳೆ ನಮ್ಮ ತಾಲ್ಲೂಕಿಗೆ ಅಂಟಿಕೊಂಡೇ ಇದ್ದರೂ ಕಾಡೆಂದರೆ ನನ್ನ ಮಕ್ಕಳಿಗೆ ಗೊತ್ತಿದ್ದದ್ದು ಆನೆ ಬಂದು ಬೆಳೆ ತುಳಿಯುವುದು ಮಾತ್ರ. ಅಲ್ಲಿಂದ ಹೊರಗೆ ಬಂದ ಮೇಲೆ ದಾರಿಯುದ್ದಕ್ಕೂ ಬೇರೆ ಬೇರೆ ಪ್ರಶ್ನೆ ಕೇಳಿದರು. ಇಂಥ ಜಾಗ ಇದೆ ಅಂತ ನನಗೆ ಗೊತ್ತಾದದ್ದು ಪಕ್ಕದ ಮನೆಯ ಹುಡುಗಿಯಿಂದ. ಅವಳೂ ಒಮ್ಮೆ ಸೋಮವಾರ ಹೋಗಿ, ರಜೆ ಎಂದು ತಿಳಿದು ವಾಪಸ್ ಬಂದಿದ್ದಳು. ಬಸ್ ಇಳಿದ ಕಡೆಯೇ ಒಂದು ಬೋರ್ಡ್ ಇದ್ದಿದ್ದರೆ ಅವಳಿಗೆ ಒಂದು ದಿನ ಉಳಿಯುತ್ತಿತ್ತು.

ನಾನು ಈ ಪತ್ರ ಬರೆಯಲು ಕಾರಣ ಆ ದಿನದ ಮಧ್ಯಾಹ್ನ. ನಸುಕಿಗೇ ಎದ್ದು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆ. ಒಂದು ಉದ್ಯಾನದಲ್ಲಿ, ಅದರ ಹೆಸರು ಬೇಡ, ಮರದಡಿ ಟವೆಲ್ ಹಾಸಿ ಬುತ್ತಿ ಬಿಚ್ಚಿದೆವು. ಕಾವಲಿನವರು ಬಂದು ಇಲ್ಲಿ ಊಟ ಮಾಡುವ ಹಾಗಿಲ್ಲ, ಏಳಿ ಅಂದರು. ಎಲೆ ತಟ್ಟೆ ಕೂಡ ಬಿಡದೆ ಎತ್ತಿಕೊಂಡು ಹೋಗುತ್ತೇವೆ ಎಂದು ಅತ್ತೆ ಕೈಮುಗಿದರು. ಒಪ್ಪಲಿಲ್ಲ. ಅವರಿಗೆ ಕೊಟ್ಟ ಕೆಲಸ ಅದು, ಅವರನ್ನು ನಾನು ದೂರುವುದಿಲ್ಲ. ಹಾಗಾದರೆ ಎಲ್ಲಿ ಕೂತು ತಿನ್ನಬಹುದು ಅಂತ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ, ರಸ್ತೆಗೆ ಬೆನ್ನು ಹಾಕಿ ಕೂತು ಉಂಡೆವು. ಎಪ್ಪತ್ತು ದಾಟಿದ ನನ್ನ ಅತ್ತೆ ಎರಡು ತುತ್ತು ತಿಂದು ಸಾಕು ಅಂದುಬಿಟ್ಟರು. ಅವರಿಗೆ ಆದ ಅವಮಾನ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ.

ಕೈ ತೊಳೆಯಲು ನಲ್ಲಿ ಇರಲಿಲ್ಲ. ತಂದಿದ್ದ ನೀರು ಮುಗಿದು ಎರಡು ಸಲ ಬಾಟಲಿ ನೀರು ಕೊಂಡೆವು. ಶೌಚಾಲಯ ಹುಡುಕಿಕೊಂಡು ಬಸ್ ನಿಲ್ದಾಣದವರೆಗೂ ನಡೆದೆವು, ಅಲ್ಲೂ ತಲೆಗಿಷ್ಟು ಅಂತ ಕೊಟ್ಟೆವು. ಸಂಜೆಗೆ ಲೆಕ್ಕ ಹಾಕಿದರೆ ನೋಡುವುದಕ್ಕೆ ಒಂದು ಪೈಸೆಯೂ ಖರ್ಚಾಗಿರಲಿಲ್ಲ. ಮಗನ ಅರ್ಧ ಟಿಕೆಟ್ ಬಿಟ್ಟರೆ ಹೋದ ದುಡ್ಡೆಲ್ಲ ನೀರಿಗೆ, ಶೌಚಾಲಯಕ್ಕೆ. ಈಗ ನನ್ನ ಮಗಳು ಮೈಸೂರಿಗೆ ಹೊರಟ ದಿನ ನೀರೇ ಕುಡಿಯುವುದಿಲ್ಲ. ಹೆಣ್ಣುಮಕ್ಕಳ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಿಮ್ಮ ಮನೆಯಲ್ಲೇ ಒಮ್ಮೆ ಕೇಳಿ ನೋಡಿ.

ಸ್ವಾಮಿ, ಹೊಸ ಪಾರ್ಕು, ಗಾಜಿನ ಸೇತುವೆ ನಾವು ಕೇಳುತ್ತಿಲ್ಲ. ಜನ ಹೆಚ್ಚು ಸೇರುವ ಒಂದೆರಡು ಕಡೆ, ಊಟ ಕಟ್ಟಿಕೊಂಡು ಬಂದವರು ಕೂರಲು ತಗಡಿನದಾದರೂ ಸರಿ, ಒಂದು ಚಪ್ಪರ ಹಾಕಿಸಿ. ಪಕ್ಕದಲ್ಲಿ ಕುಡಿಯುವ ನೀರಿನ ನಲ್ಲಿ, ಹೆಂಗಸರಿಗೆ ದುಡ್ಡಿಲ್ಲದ ಶೌಚಾಲಯ, ಕಸಕ್ಕೆ ಒಂದು ತೊಟ್ಟಿ ಇರಲಿ. ಬಸ್ ನಿಲ್ದಾಣದಲ್ಲಿ ದಪ್ಪ ಅಕ್ಷರದ ಕನ್ನಡ ಬೋರ್ಡ್ ಹಾಕಿಸಿ: ಟಿಕೆಟ್ ಇಲ್ಲದೆ ನೋಡುವ ಜಾಗ ಯಾವುವು, ಎಷ್ಟು ಗಂಟೆಗೆ ತೆರೆಯುತ್ತವೆ, ಯಾವತ್ತು ರಜೆ, ಯಾವ ನಂಬರಿನ ಬಸ್ಸು.

ಇನ್ನೊಂದು ಮಾತು ಸಾರಿಗೆ ಸಚಿವರಿಗೆ ನೀವೇ ಹೇಳಬೇಕು. ಅರಮನೆಗೆ ಭಾನುವಾರ ಸಂಜೆ ಏಳಕ್ಕೆ ದೀಪ ಹಾಕುತ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಹುಣಸೂರಿಗೆ ಆಮೇಲೂ ಬಸ್ಸುಂಟು, ಅಲ್ಲಿಂದ ನಮ್ಮ ಹಳ್ಳಿಗಿಲ್ಲ. ಹೀಗಾಗಿ ಪ್ರತಿ ಸಲ ಐದೂವರೆಗೇ ಬಸ್ ಹತ್ತುತ್ತೇವೆ. ಆವತ್ತೂ ಮಗ ಕಿಟಕಿಯಿಂದ ಹಿಂದಕ್ಕೆ ನೋಡುತ್ತಾ, ಈಗ ಹಾಕಿರ್ತಾರೇನಮ್ಮ ಅಂತ ಇಲವಾಲದವರೆಗೂ ಕೇಳುತ್ತಲೇ ಇದ್ದ. ದಸರಾ ರಜೆಗೆ ಮತ್ತೆ ಬರುತ್ತೇವೆ.

ಇಂತಿ,
ಹುಣಸೂರು ತಾಲ್ಲೂಕಿನ ಒಬ್ಬ ತಾಯಿ