ನೀನೂ ನಮ್ಮ ಸಾಲಿಗೆ ಬಂದೆ ಬಿಡು

ಪ್ರೀತಿಯ ಮಂಜ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಅರ್ಧ ಬೈಗುಳ, ಅರ್ಧ ಅಳು. ಉತ್ತರವನ್ನು ಬರೆದೇ ಕಳಿಸುತ್ತಿದ್ದೇನೆ, ಫೋನ್ ಮಾಡಿದರೆ ನೀನು ಮಧ್ಯೆ ಬಾಯಿ ಹಾಕದೆ ಬಿಡುವವನಲ್ಲ. 2026ರಿಂದ ಐದು ವರ್ಷ ಅಮೆರಿಕದಲ್ಲಿ ಫಾರ್ಮುಲಾ 1 ಕಾರ್ ರೇಸಿನ ಪ್ರಸಾರ ಆಪಲ್ ಟಿವಿ ಆ್ಯಪ್‌ನ ಪಾಲು, ಇಎಸ್‌ಪಿಎನ್ ಚಾನೆಲ್ ಕಥೆ ಮುಗಿಯಿತು ಅಂತ ತಾನೇ ನಿನ್ನ ಗೋಳು?

ನಿನಗೆ ಏನೂ ಆಗುವುದಿಲ್ಲ ಕಣೋ. ಆಪಲ್ ಟಿವಿಗೆ ತಿಂಗಳಿಗೆ ಸುಮಾರು 13 ಡಾಲರ್. ಫಾರ್ಮುಲಾ 1ನವರದೇ ಆ್ಯಪ್ ಎಫ್1 ಟಿವಿಯೂ ಅದರಲ್ಲೇ ಸೇರಿ ಬರುತ್ತದೆ. ಇಷ್ಟು ದಿನ ನೀನು ಕೇಬಲ್‌ಗೊಂದು, ಎಫ್1 ಟಿವಿಗೊಂದು ಅಂತ ಎರಡೆರಡು ಕಡೆ ದುಡ್ಡು ಸುರಿಯುತ್ತಿದ್ದೆ. ಲೆಕ್ಕ ಹಾಕಿ ನೋಡು, ಉಳಿತಾಯವೇ ಆಗಬಹುದು. ಮೊದಲ ರೇಸ್ ನೋಡಿ ತೀರ್ಪು ಕೊಡಬೇಡ, ಅಷ್ಟೇ. 2018ರಲ್ಲಿ ಇಎಸ್‌ಪಿಎನ್ ಶುರು ಮಾಡಿದಾಗ ಮೆಲ್ಬರ್ನ್ ರೇಸಿನ ಪ್ರಸಾರ ಎಷ್ಟು ಎಡವಟ್ಟಾಗಿತ್ತು ಅಂದರೆ ಅವರೇ ಕ್ಷಮೆ ಕೇಳಿದ್ದರು. ಆಮೇಲೆ ಬ್ರಿಟನ್‌ನ ಸ್ಕೈ ಚಾನೆಲ್‌ನವರ ಕಾಮೆಂಟರಿ ಇಟ್ಟುಕೊಂಡು, ರೇಸ್ ನಡುವೆ ಜಾಹೀರಾತು ಹಾಕದೆ ತೋರಿಸಿದರು. ಈಗ ಅದೇ ಚಾನೆಲ್ ಹೋಗುತ್ತದೆ ಅಂತ ನೀನು ಅಳುತ್ತಿದ್ದೀಯ!

ನಮ್ಮ ಕಡೆ ಈ ಪಾಡು ಮೊದಲೇ ಆಗಿಹೋಗಿದೆ. 2022ರ ಸೀಸನ್ ಮುಗಿಯುವ ಹೊತ್ತಿಗೆ ಸ್ಟಾರ್ ಸ್ಪೋರ್ಟ್ಸ್ ಒಪ್ಪಂದವೂ ಮುಗಿಯಿತು. ಬೇರೆ ಯಾವ ಚಾನೆಲ್ಲೂ ಕೈ ಹಾಕಲಿಲ್ಲ. 2023ರ ಮಾರ್ಚ್ 5ಕ್ಕೆ ಬಹ್ರೇನ್‌ನಲ್ಲಿ ಮೊದಲ ರೇಸ್. ಫಾರ್ಮುಲಾ 1ನವರು ತಮ್ಮದೇ ಎಫ್1 ಟಿವಿ ಪ್ರೊ ಆ್ಯಪನ್ನು ಇಲ್ಲಿಗೆ ತಂದರು. ನಮ್ಮ ಕೇಬಲ್‌ನವನನ್ನು ಕೇಳಿದರೆ, "ಅದು ಈಗ ಯಾವ ನಂಬರ್‌ನಲ್ಲೂ ಬರಲ್ಲ ಸಾರ್" ಅಂದ. ಆ ವರ್ಷ 22 ರೇಸಿನಲ್ಲಿ 19 ವರ್ಸ್ಟಾಪನ್ ಅನ್ನೋ ಒಬ್ಬನೇ ಡ್ರೈವರ್‌ಗೆ ಹೋದವು, ಹಾಗಾಗಿ ನೋಡದವರಿಗೆ ದೊಡ್ಡ ನಷ್ಟವೇನೂ ಆಗಲಿಲ್ಲ ಅನ್ನು. 2024ರಲ್ಲಿ ಫ್ಯಾನ್‌ಕೋಡ್ ಬಂತು. ಅದೂ ಆ್ಯಪ್ಪೇ. ನನ್ನಂಥವನಿಗೆ ಇದರಲ್ಲಿ ಲಾಭವೇ ಜಾಸ್ತಿ. ಫಾರ್ಮುಲಾ 1ಕ್ಕಿಂತ ಕೆಳಹಂತದ ಎಫ್2, ಎಫ್3 ರೇಸುಗಳೆಲ್ಲಾ ಒಂದೇ ಕಡೆ ಸಿಗುತ್ತವೆ. 2025ರಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಎಫ್2 ಸ್ಪ್ರಿಂಟ್ ರೇಸ್ ಗೆದ್ದನಲ್ಲ, ಹಳೇ ಕಾಲವಾಗಿದ್ದರೆ ಅದು ಮಾರನೆಯ ದಿನ ಪೇಪರ್‌ನ ಮೂಲೆಯಲ್ಲಿ ಎರಡು ಸಾಲು ಆಗಿರುತ್ತಿತ್ತು.

ಹಾಗಾದರೆ ಹೋಗಿದ್ದೇನು? ಹೋದದ್ದು ಅಪ್ಪನ ಜೊತೆ ಕೂತು ನೋಡುವ ಸುಖ.

ಅಪ್ಪ ಯಾವತ್ತೂ ಫಾರ್ಮುಲಾ 1 ಅಭಿಮಾನಿಯಲ್ಲ. ಆದರೆ ಭಾನುವಾರ ಸಂಜೆ ಹಾಲ್‌ನಲ್ಲಿ ಟಿವಿ ಹಾಕಿದ್ದರೆ ಪೇಪರ್ ಹಿಡಿದು ಬಂದು ಕೂರುತ್ತಿದ್ದರು. ಡ್ರೈವರ್‌ಗಳಲ್ಲಿ ಕಿಮಿ ರೈಕೊನೆನ್ ಅಂದರೆ ಅವರಿಗೆ ಇಷ್ಟ, ಜಾಸ್ತಿ ಮಾತಾಡಲ್ಲ ಅಂತ. ಮಳೆ ಬಂದರೆ ಯಾವಾಗ ಟೈರ್ ಬದಲಿಸಬೇಕು ಅನ್ನುವುದರಲ್ಲಿ ನನಗಿಂತ ಅವರ ಅಂದಾಜೇ ಸರಿಯಾಗುತ್ತಿತ್ತು. ಈಗ ನಾನು ರೂಮಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡುತ್ತೇನೆ. "ಅಪ್ಪಾ, ಬನ್ನಿ, ಹಾಕಿಕೊಡ್ತೀನಿ" ಅಂತ ಕರೆದರೆ "ಪರವಾಗಿಲ್ಲ ಬಿಡೋ, ನೀನು ನೋಡ್ಕೋ" ಅನ್ನುತ್ತಾರೆ. ಅವರು ರೇಸ್ ನೋಡಬೇಕು ಅಂತ ಬರುತ್ತಿರಲಿಲ್ಲ. ಅಲ್ಲಿ ಓಡುತ್ತಿತ್ತು, ಅದಕ್ಕೆ ಕೂತರು. ಇಂಥವರಿಗೆ ಆ್ಯಪ್‌ನಲ್ಲಿ ಜಾಗವೇ ಇಲ್ಲ. ಏನು ಬೇಕು ಅಂತ ಮೊದಲೇ ಗೊತ್ತಿದ್ದವನು ಮಾತ್ರ ಅದನ್ನು ತೆರೆಯುತ್ತಾನೆ.

ನಾವಿಬ್ಬರು ಮಾತ್ರ ಹೇಗೆ ಹತ್ತಿಕೊಂಡೆವು ಹೇಳು? 2005, ಹಾಸ್ಟೆಲ್ ಟಿವಿ ರೂಮು. ನಮ್ಮ ದೇಶದ ನರೇನ್ ಕಾರ್ತಿಕೇಯನ್ ಜೋರ್ಡನ್ ಅನ್ನೋ ರೇಸಿಂಗ್ ತಂಡದಲ್ಲಿ ಓಡಿಸುತ್ತಿದ್ದ ವರ್ಷ. ಇಂಡಿಯಾನಾಪೊಲಿಸ್ ರೇಸು, ನಡುರಾತ್ರಿ. ಯಾರೋ ಬೇರೆ ಏನೋ ಹುಡುಕುತ್ತಾ ಚಾನೆಲ್ ತಿರುಗಿಸುವಾಗ ಸಿಕ್ಕಿದ್ದು. ಮಿಶೆಲಿನ್ ಟೈರು ಸುರಕ್ಷಿತವಲ್ಲ ಅಂತ ಅದನ್ನು ಹಾಕಿದ್ದ 14 ಕಾರುಗಳು ಒಂದು ಸುತ್ತು ಹಾಕಿ, ರೇಸ್ ಬಿಟ್ಟು ಪಿಟ್ ಒಳಗೆ ಹೋದವು. ಉಳಿದಿದ್ದು ಆರು. ನರೇನ್ ನಾಲ್ಕನೇ ಸ್ಥಾನ! ರೇಸ್ ಅಂತ ನೋಡಿದರೆ ಅದೊಂದು ನಾಚಿಕೆಗೇಡು. ನಮಗೆ ಮಾತ್ರ ಹಬ್ಬ. ಮುಂದಿನ ರೇಸಿಗೆ ಅದೇ ಹುಡುಗರು ಮೊದಲೇ ಬಂದು ಕುರ್ಚಿ ಹಿಡಿದಿದ್ದರು. ಅವತ್ತು ಯಾರಾದರೂ "ಆ್ಯಪ್ ಹಾಕ್ಕೊಳ್ಳಿ, ದುಡ್ಡು ಕಟ್ಟಿ" ಅಂದಿದ್ದರೆ ಒಬ್ಬನೂ ನೋಡುತ್ತಿರಲಿಲ್ಲ. ನೀನಂತೂ ಕ್ಯಾಂಟೀನ್ ಬಿಲ್ಲನ್ನೇ ಕಟ್ಟದವನು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಜರ್ಮನಿಯಲ್ಲಿ ಶುಮಾಕರ್ ಕಾಲದಿಂದ ಆರ್‌ಟಿಎಲ್ ಚಾನೆಲ್ ಎಲ್ಲರಿಗೂ ಪುಕ್ಕಟೆ ತೋರಿಸುತ್ತಿತ್ತು. 2021ರಿಂದ ರೇಸುಗಳು ಬಹುಪಾಲು ದುಡ್ಡು ಕೊಟ್ಟು ನೋಡುವ ಸ್ಕೈಗೆ ಹೋದವು, ನೋಡುಗರ ಸಂಖ್ಯೆ ಧಡಾರಂತ ಬಿತ್ತು. ಆ ಹೊತ್ತಿಗೆ ಅಲ್ಲಿ ಜರ್ಮನ್ ಗ್ರ್ಯಾನ್ ಪ್ರಿ ಕೂಡ ನಿಂತಿತ್ತು. ಚಾನೆಲ್‌ನಿಂದಲೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ವೆಟೆಲ್‌ನಂಥ ಚಾಂಪಿಯನ್‌ನನ್ನು ಕೊಟ್ಟ ದೇಶ ಅದು, ಬೇಸರವಾಗುತ್ತದೆ. ಬ್ರಿಟನ್‌ನವರು ಸ್ವಲ್ಪ ಜಾಣರು. 2012ರಲ್ಲಿ ಸ್ಕೈ ಬಂದಾಗ ಅರ್ಧ ರೇಸುಗಳನ್ನಾದರೂ ಬಿಬಿಸಿಯಲ್ಲಿ ನೇರ ಉಳಿಸಿಕೊಂಡರು. ಈಗಲೂ ಚಾನೆಲ್ 4ರಲ್ಲಿ ಹೈಲೈಟ್ಸ್ ಬರುತ್ತದೆ, ಅವರದೇ ಸಿಲ್ವರ್‌ಸ್ಟೋನ್ ರೇಸ್ ನೇರ ಬರುತ್ತದೆ. ನಿಮ್ಮಲ್ಲೇ ನೋಡು, ಇಎಸ್‌ಪಿಎನ್‌ನಲ್ಲಿ 2018ರಲ್ಲಿ ರೇಸಿಗೆ ಸರಾಸರಿ ಐದೂವರೆ ಲಕ್ಷ ಜನ, 2022ರಲ್ಲಿ 12 ಲಕ್ಷ. ಫಾರ್ಮುಲಾ 1 ಬಗ್ಗೆ ಬಂದ ನೆಟ್‌ಫ್ಲಿಕ್ಸ್ ಸರಣಿಯದ್ದೇ ದೊಡ್ಡ ಪಾಲು ಇರಬಹುದು. ಆದರೂ ಕೆಲವು ರೇಸುಗಳು ಎಬಿಸಿ ಚಾನೆಲ್‌ನಲ್ಲಿ ಪುಕ್ಕಟೆ ಬರುತ್ತಿದ್ದವು, ಅದು ಸಣ್ಣ ವಿಷಯ ಅಲ್ಲ.

ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿಗಳೇ ವಾಸಿ ಅನ್ನಿಸುತ್ತದೆ ಕೆಲವೊಮ್ಮೆ. ಯಾವ ಚಾನೆಲ್ಲೂ ಬೇಡ. ಬೇಲಿ ಪಕ್ಕ ನಿಂತರೆ ಮುಖಕ್ಕೆಲ್ಲ ಕೆಂಪು ಧೂಳು, ಅಷ್ಟೇ ಟಿಕೆಟ್ಟು.

ಇನ್ನೊಂದು, ನಮ್ಮಿಬ್ಬರ ಮಧ್ಯದ ವಿಷಯ. ಆ್ಯಪ್‌ನಲ್ಲಿ ವಿಡಿಯೊವನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತಾರೆ. ಕೆಲವು ತುಂಡು ಮೊದಲೇ ಸೇರಿಸಿಟ್ಟುಕೊಂಡು ತೋರಿಸುವುದರಿಂದ ಕೇಬಲ್‌ಗಿಂತ ಹಿಂದೆ ಬೀಳುತ್ತದೆ, ಒಮ್ಮೊಮ್ಮೆ ಅರ್ಧ ನಿಮಿಷ. ಇಷ್ಟು ದಿನ ನೀನು ಡಲ್ಲಾಸ್‌ನಲ್ಲಿ ಕೇಬಲ್, ನಾನು ಇಲ್ಲಿ ಆ್ಯಪ್. "ಅಯ್ಯೋ ನಾರಿಸ್!" ಅಂತ ನಿನ್ನ ಮೆಸೇಜ್ ಬಂದಾಗ ನನ್ನ ಸ್ಕ್ರೀನಿನಲ್ಲಿ ನಾರಿಸ್ ಆರಾಮಾಗಿ ಹೋಗುತ್ತಿರುತ್ತಿದ್ದ. ಏನಾಗುತ್ತದೋ ಅಂತ ಎದೆ ಡವಡವ. ಇನ್ನು ನೀನೂ ಹಿಂದೆ ಬೀಳ್ತೀಯ. ಸತ್ಯ ಹೇಳಬೇಕೆಂದರೆ ನಿನ್ನ ಅಳು ಕೇಳಿ ನನಗೆ ಒಂಚೂರು ಖುಷಿ ಆಗಿದ್ದು ಇದಕ್ಕೇ.

ಆಪಲ್‌ನವರು ಪ್ರಾಕ್ಟೀಸ್ ಎಲ್ಲವನ್ನೂ, ಆಯ್ದ ಕೆಲವು ರೇಸುಗಳನ್ನೂ ಪುಕ್ಕಟೆ ತೋರಿಸುತ್ತಾರಂತೆ. ಒಳ್ಳೆಯ ಕೆಲಸ. ಆದರೆ ಅದೂ ಆ್ಯಪ್ ತೆರೆದವರಿಗೆ ತಾನೇ? ಅದಕ್ಕೆ ನಿನ್ನಿಂದ ಒಂದು ಕೆಲಸ ಆಗಬೇಕು. 2026ರ ಮಾರ್ಚ್ 8ರ ಮೆಲ್ಬರ್ನ್ ರೇಸ್ ನಿಮಗೆ ಶನಿವಾರ ರಾತ್ರಿ ಹತ್ತಕ್ಕೆ ಬರುತ್ತದೆ, ನಮಗೆ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ. ಲ್ಯಾಪ್‌ಟಾಪ್ ಹಿಡಿದು ಮೂಲೆಗೆ ಹೋಗಬೇಡ. ಹಾಲ್‌ನ ದೊಡ್ಡ ಟಿವಿಗೇ ಹಾಕು, ಸೌಂಡ್ ಜಾಸ್ತಿ ಇಡು. ಮಗಳನ್ನು ಕರೆಯಬೇಡ, ಸುಮ್ನೆ ಹಾಕಿಡು. ಬಂದರೆ ಬರಲಿ. ನಾನೂ ಇಲ್ಲಿ ಅದೇ ಮಾಡುತ್ತೇನೆ, ಅಪ್ಪ ಬಂದು ಕೂರುತ್ತಾರಾ ನೋಡೋಣ. ಕೂತರೆ ಮೆಸೇಜ್ ಹಾಕ್ತೀನಿ.

ನಿನ್ನ,
ಹಾಸ್ಟೆಲ್ ರಿಮೋಟ್ ಕಳ್ಳ