ನನಗೆ ಓದಿ ಹೇಳಿದವರಿಗೆ

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಎಚ್.ಆರ್. ಖನ್ನಾ ಅವರ ಬದುಕಿನ ಬಗ್ಗೆ ನಾನು ಬರೆಯುತ್ತಿದ್ದ ಪುಸ್ತಕ ಹೋದ ವಾರ ಅಚ್ಚಾಗಿ ಕೈಗೆ ಬಂತು. ನಾಲ್ಕು ವರ್ಷದ ಕೆಲಸ. ಮುಖಪುಟದಲ್ಲಿ ಒಂದೇ ಹೆಸರಿದೆ. ಅದನ್ನು ನೋಡಿದಾಗಲೆಲ್ಲ ಉಳಿದವರು ಕಣ್ಣ ಮುಂದೆ ಬರುತ್ತಾರೆ. ಅವರಿಗಾಗಿ ಈ ನಾಲ್ಕು ಮಾತು.

ಪುಸ್ತಕ ಅರ್ಧ ಆಗಿದ್ದಾಗ ನನ್ನ ಬಲಗಣ್ಣಿನೊಳಗಿನ ಪರದೆ ಕಿತ್ತುಕೊಂಡಿತು. ಎಡಗಣ್ಣು ಮೊದಲಿಂದಲೂ ಮಂಜು. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ದಿನಗಟ್ಟಲೆ ಬೋರಲು ಮಲಗಿರಬೇಕಾಯಿತು. ಆಮೇಲೂ ಏಳು ತಿಂಗಳು ಸಣ್ಣಕ್ಷರ ಕಾಣಲಿಲ್ಲ. ವಕೀಲನಿಗೆ ಓದು ನಿಂತರೆ ಉಸಿರು ಕಟ್ಟಿದ ಹಾಗೆ. ಪುಸ್ತಕವನ್ನು ನಾನು ಮನಸ್ಸಿನಲ್ಲೇ ಕೈಬಿಟ್ಟಿದ್ದೆ.

ಕೈಬಿಡದೇ ಇದ್ದವಳು ನನ್ನ ಜೂನಿಯರ್. ಕೋರ್ಟ್ ಮುಗಿಸಿ, ಫೈಲುಗಳನ್ನು ಆಫೀಸಿನಲ್ಲಿಟ್ಟು, ಸಂಜೆ ಆರಕ್ಕೆ ಮನೆಗೆ ಬರುತ್ತಿದ್ದಳು. "ಸರ್, ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?" ಅನ್ನುತ್ತಾ ವಕೀಲರ ಸಂಘದ ಲೈಬ್ರರಿಯ ದಪ್ಪ ಎಐಆರ್ ಸಂಪುಟ, ಅಂದರೆ ತೀರ್ಪುಗಳನ್ನು ಅಚ್ಚು ಮಾಡಿದ ಪುಸ್ತಕ, ಬಿಚ್ಚುತ್ತಿದ್ದಳು. ಮೊದಲು ಓದಿದ್ದು 1973ರ ಕೇಶವಾನಂದ ಭಾರತಿ ಪ್ರಕರಣ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರ ಅರ್ಜಿ. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಅಂತ 7–6ರಲ್ಲಿ ತೀರ್ಮಾನ ಆಯಿತು. ತಕ್ಕಡಿಯನ್ನು ಆ ಕಡೆ ವಾಲಿಸಿದ್ದು ಖನ್ನಾ ಅವರ ತೀರ್ಪು.

ಕಣ್ಣಲ್ಲಿ ಓದುವಾಗ ನಾನು ಪ್ಯಾರಾಗಳನ್ನು ಹಾರಿಸಿಬಿಡುತ್ತಿದ್ದೆ. ಕೇಳುವಾಗ ಹಾರಿಸಲು ಬರುವುದಿಲ್ಲ. ತುರ್ತು ಪರಿಸ್ಥಿತಿಯ ಕಾಲದ ಹೇಬಿಯಸ್ ಕಾರ್ಪಸ್ (ಬಂಧನ ಸರಿಯೇ ಅಂತ ಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ) ತೀರ್ಪನ್ನು ಪೂರ್ತಿ ಕೇಳಿದ್ದು ಆಗಲೇ. ವಿಚಾರಣೆ ಇಲ್ಲದೆ ಬಂಧನದಲ್ಲಿಡಲು ಬಿಡುತ್ತಿದ್ದ ಮಿಸಾ ಕಾಯ್ದೆಯಲ್ಲಿ ಬಂಧಿಸಿದವರ ಅರ್ಜಿಗಳನ್ನು ಕೇಳಬಹುದು ಅಂತ ನಮ್ಮ ಕರ್ನಾಟಕವೂ ಸೇರಿ ಹಲವು ಹೈಕೋರ್ಟ್‌ಗಳು ಹೇಳಿದ್ದವು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೂ ಕೋರ್ಟಿನಲ್ಲಿ ಪರಿಹಾರ ಇಲ್ಲವೇ ಅಂತ ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರುವ ತನಕ ಇಲ್ಲ ಅಂತ ಅಟಾರ್ನಿ ಜನರಲ್ ಒಪ್ಪಿಕೊಂಡರು. 1976ರ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ಕಡೆ ನಿಂತರು. ಖನ್ನಾ ಒಬ್ಬರೇ ಬೇರೆ ಬರೆದರು. ಕಾನೂನಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದು ಅನ್ನುವುದು ಸಂವಿಧಾನಕ್ಕಿಂತ ಹಳೆಯ ಮಾತು ಅಂದರು.

ಈ ಭಾಗ ಓದಿದವರು ನಮ್ಮ ಕೋರ್ಟಿನ ನಿವೃತ್ತ ಶಿರಸ್ತೇದಾರರು. ಭಾನುವಾರಗಳು ಅವರವು. ಆ ವಾಕ್ಯಕ್ಕೆ ಬಂದಾಗ ಅವರ ದನಿ ನಿಂತಿತು. ಕನ್ನಡಕ ತೆಗೆದಿಟ್ಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ, ಕೇಳದೇನೇ, ಅದೇ ವಾಕ್ಯವನ್ನು ಇನ್ನೊಮ್ಮೆ ಓದಿದರು. ಒಮ್ಮೆ ಕೇಳಿದರೆ ಕಿವಿಯಲ್ಲಿ ಉಳಿಯುವಷ್ಟು ತಿಳಿಯಾಗಿ ಖನ್ನಾ ಬರೆಯುತ್ತಾರೆ ಅಂತ ಆ ದಿನ ಗೊತ್ತಾಯಿತು. ನಾನು ಮೊದಲು ಬರೆದಿದ್ದ ಅರ್ಧ ಪುಸ್ತಕ ಹಾಗಿರಲಿಲ್ಲ. ಕಾನೂನು ಪದಗಳು ಕಿಕ್ಕಿರಿದಿದ್ದವು. ಅದಷ್ಟನ್ನೂ ಮತ್ತೆ ಬಾಯಲ್ಲಿ ಹೇಳಿ ಬರೆಸಿದೆ. ಈಗ ಪುಸ್ತಕ ಓದಿಸಿಕೊಂಡು ಹೋಗುತ್ತದೆ ಅಂತ ನೀವು ಹೇಳುತ್ತಿದ್ದೀರಲ್ಲ, ಆ ಮಾತು ಶಿರಸ್ತೇದಾರ್ ಸಾಹೇಬರಿಗೆ ಸೇರಬೇಕು.

ಅಕ್ಕ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಡ್ರಾಪ್ಸ್ ಹಾಕಲು ಬರುತ್ತಿದ್ದಳು. ಕಾನೂನು ಅವಳಿಗೆ ಬೇಡದ ವಿಷಯ. ಆದರೂ ಕೂತು ಕೇಳುತ್ತಿದ್ದಳು. ತೀರ್ಪಿಗೆ ಮೊದಲು ಹರಿದ್ವಾರದಲ್ಲಿ ಗಂಗೆಯ ದಡದಲ್ಲಿ ಖನ್ನಾ ತಮ್ಮ ಸಹೋದರಿಗೆ, ನಾನು ಬರೆದಿರುವ ತೀರ್ಪಿನಿಂದ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪುತ್ತದೆ ಎಂದಿದ್ದರು. ಖನ್ನಾ ಅವರ ಆತ್ಮಕಥೆಯಲ್ಲಿ ಅದು ಬಂದಾಗ ಅಕ್ಕ ತಟ್ಟನೆ ಕೇಳಿದಳು: "ಅಂದ್ರೆ ಮೊದಲೇ ಗೊತ್ತಿತ್ತಾ ಅವರಿಗೆ?" ಗೊತ್ತಿತ್ತು ಅಕ್ಕಾ. ಅದನ್ನೇ ನಾನು ಎರಡು ವರ್ಷ ಸರಿಯಾಗಿ ನೋಡಿರಲಿಲ್ಲ. 1977ರ ಜನವರಿಯಲ್ಲಿ ಅವರನ್ನು ಬಿಟ್ಟು ಅವರಿಗಿಂತ ಕಿರಿಯರನ್ನು ನೇಮಿಸಿದರು, ಅವರು ರಾಜೀನಾಮೆ ಕೊಟ್ಟರು ಅನ್ನುವ ಸುದ್ದಿಯಿಂದ ನನ್ನ ಅಧ್ಯಾಯ ಶುರುವಾಗುತ್ತಿತ್ತು. ಈಗ ಗಂಗೆಯ ದಡದಿಂದ ಶುರುವಾಗುತ್ತದೆ.

ನಾನು ಹೇಳಿದ್ದನ್ನೆಲ್ಲ ಟೈಪ್ ಮಾಡಿದ ಮಗಳಿಗೆ, ಇಸವಿಗಳನ್ನು ಒಂದೊಂದಾಗಿ ಸರಿ ನೋಡಿದ ಕಾನೂನು ಕಾಲೇಜಿನ ಮೇಡಂಗೆ, ಗಡುವು ಮೂರು ಸಲ ಮುಂದೆ ಹೋದರೂ ಒಮ್ಮೆಯೂ ಬೇಸರಪಡದ ಪ್ರಕಾಶಕರಿಗೆ, ನನ್ನ ಕೇಸುಗಳನ್ನು ಫೀಸಿಲ್ಲದೆ ನಡೆಸಿಕೊಟ್ಟ ಗೆಳೆಯರಿಗೆ ನಾನು ಋಣಿ. ಆಪರೇಷನ್ ಮಾಡಿದ ಡಾಕ್ಟರಮ್ಮನಿಗೂ. ಈ ಬರಹವನ್ನು ನಾನೇ ಓದಿ ತಿದ್ದಿದ್ದೇನೆ ಅಮ್ಮಾ.

ಕೊನೆಗೆ ಜೂನಿಯರ್ ಓದಿದ್ದು 2017ರ ಆಗಸ್ಟ್ 24ರ ತೀರ್ಪು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣ, ಖಾಸಗಿತನದ ಹಕ್ಕಿನದು. 1976ರ ನಾಲ್ವರ ತೀರ್ಪು ತಪ್ಪು ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಖನ್ನಾ 2008ರಲ್ಲೇ ತೀರಿಕೊಂಡಿದ್ದರು. ಆ ಸಂಜೆಯ ಹೊತ್ತಿಗೆ ನನಗೆ ದೊಡ್ಡ ಅಕ್ಷರ ಕಾಣುತ್ತಿತ್ತು, ನಿಧಾನಕ್ಕೆ ನಾನೇ ಓದಬಹುದಿತ್ತು. ಆದರೆ ಆ ಪುಟಗಳನ್ನು ಅವಳ ದನಿಯಲ್ಲೇ ಕೇಳಬೇಕು ಅನ್ನಿಸಿತು. ಕಣ್ಣು ಮುಚ್ಚಿಕೊಂಡು ಕೂತೆ.