ಶರಣು, ನಮ್ಮ ಸರ್ ನಿವೃತ್ತರಾಗ್ತಿದ್ದಾರೆ

ಪ್ರೀತಿಯ ಶರಣು,

ಫೋನಿನಲ್ಲಿ ಹೇಳಿದರೆ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಿನೀಸಿಯಾಲಜಿ (ಮೈ ಹೇಗೆ ಚಲಿಸುತ್ತದೆ ಅನ್ನುವ ಶಾಸ್ತ್ರ) ಸರ್ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ.

ಅವರ ಮೊದಲ ಕ್ಲಾಸ್ ನೆನಪಿದೆಯಾ? ನಿನ್ನ ಕೈಗೆ 5 ಕಿಲೋ ತೊಗರಿಬೇಳೆ ಚೀಲ ಕೊಟ್ಟು, ಮೊಣಕೈ ಮಡಚಿ ಹಿಡಿದು ನಿಲ್ಲು ಅಂದರು. ಮೊಣಕೈಯಿಂದ ಅಂಗೈಗೆ ಸುಮಾರು 35 ಸೆಂಟಿಮೀಟರ್, ಆದರೆ ತೋಳಿನ ಮುಂದಿನ ಸ್ನಾಯು ಬೈಸೆಪ್ಸ್ ಎಲುಬನ್ನು ಎಳೆಯುವ ಜಾಗ ಮೊಣಕೈಯಿಂದ ಬರೀ 5 ಸೆಂಟಿಮೀಟರ್ ಆಚೆ. ಹಾಗಾಗಿ ಆ 5 ಕಿಲೋ ಹಿಡಿಯಲು ಸ್ನಾಯು ಹೆಚ್ಚುಕಡಿಮೆ 35 ಕಿಲೋದಷ್ಟು ಎಳೆಯಬೇಕು, ಕೈಯ ತೂಕ ಬೇರೆ. ಲೆಕ್ಕ ಮುಗಿಯುವಷ್ಟರಲ್ಲಿ ನಿನ್ನ ಕೈ ನಡುಗುತ್ತಿತ್ತು. "ನಷ್ಟ ಅನ್ಕೋಬ್ಯಾಡ ತಮ್ಮಾ, ಸ್ನಾಯು ಒಂದೆರಡು ಬೆರಳು ಜಗ್ಗಿದ್ರ ಅಂಗೈ ಗೇಣುದ್ದ ಹೋಗ್ತದ, ಅದಕ್ಕೇ ನಾವು ಚೆಂಡು ಎಸಿತೀವಿ" ಅಂದರು. ಇವತ್ತಿಗೂ ನನ್ನ ಶಾಲೆಯ ಮಕ್ಕಳಿಗೆ ನಾನು ಹಾಗೆಯೇ ಶುರು ಮಾಡುತ್ತೇನೆ.

ಆಮೇಲೆ ಗಂಜ್‌ಗೆ, ಅದೇ ಕಾಳುಕಡಿ ಮಾರುಕಟ್ಟೆಗೆ, ಕರೆದುಕೊಂಡು ಹೋದದ್ದು. ತೊಗರಿ ಸುಗ್ಗಿ, ಕಣ್ಣಿಗೆ ಧೂಳು. ನಾವು ಆಟಗಾರರನ್ನು ಅಳೆಯೋಣ ಅಂದುಕೊಂಡಿದ್ದರೆ ಅವರು ಹಮಾಲರ ಮುಂದೆ ಕೂರಿಸಿದರು. ಹಳೇ ಕಾಕಾ ಒಬ್ಬರು ಚೀಲವನ್ನು ಎದೆಗೆ ಒತ್ತಿಕೊಂಡು ಮೇಲೇಳುತ್ತಿದ್ದರು, ಹೊಸ ಹುಡುಗ ಕೈ ಚಾಚಿ ಎತ್ತುತ್ತಿದ್ದ. ಭಾರ ಮೈಗೆ ಹತ್ತಿರ ಇದ್ದಷ್ಟೂ ಸೊಂಟದ ಮೇಲೆ ಒತ್ತಡ ಕಡಿಮೆ ಅಂತ ಪುಸ್ತಕ ಹೇಳುತ್ತದೆ, ಅದನ್ನು ಆ ಕಾಕಾ ಯಾವಾಗಲೋ ಕಂಡುಕೊಂಡಿದ್ದರು. ಸರ್ ಹೇಳಿದ್ದು ಇಷ್ಟೇ: "ಮೊದಲು ನೋಡು, ಆಮ್ಯಾಲ ಅಳಿ."

ಅಳತೆಯಲ್ಲಿ ಮಾತ್ರ ಬಹಳ ಬಿಗಿ, ಅಲ್ವಾ? ಕೀಲು ಎಷ್ಟು ಬಾಗುತ್ತದೆ ಅಂತ ಅಳೆಯುವ ಗೋನಿಯೋಮೀಟರ್ ಹಿಡಿದು ಇಬ್ಬರೂ ಒಂದೇ ಮಂಡಿ ಅಳೆದೆವು. ನನಗೆ 132 ಡಿಗ್ರಿ ಬಂತು, ನಿನಗೆ 139. ಒಂದು ತಿಂಗಳ ಕೆಲಸವನ್ನು ಪಕ್ಕಕ್ಕಿಡಿಸಿದರು. ಎಲುಬಿನ ಗುರುತು ಎಲ್ಲಿ ಹಿಡಿಯಬೇಕು ಅಂತ ಇಬ್ಬರಿಗೂ ಬೆರಳಿಟ್ಟು ತೋರಿಸಿ, ಮತ್ತೆ ಮೊದಲಿಂದ ಅಳೆಸಿದರು. ಆಗ ಎಷ್ಟು ಸಿಟ್ಟು ಬಂದಿತ್ತು ನನಗೆ! ಈಗ ಅನಿಸುತ್ತದೆ, ಸಂಶೋಧನೆ ಅಂದರೆ ಏನು ಅಂತ ನಾನು ಕಲಿತದ್ದು ಆ ಒಂದು ವಾರದಲ್ಲಿಯೇ.

ನನ್ನ ಮಂಡಿಯ ವಿಷಯ ನಿನಗೂ ಪೂರ್ತಿ ಹೇಳಿರಲಿಲ್ಲ. ಕಬಡ್ಡಿ ಬಿಟ್ಟುಬಿಡು ಅಂತ ಎಲ್ಲರೂ ಅಂದಾಗ, ಸರ್ ಸುಮ್ನೆ ಬೆಂಚಿನಿಂದ ಕೆಳಗೆ ಜಿಗಿಯಲು ಹೇಳಿದರು. ಹತ್ತು ಸಲ. ಕಾಲೂರುವಾಗ ಬಲ ಮಂಡಿ ಒಳಕ್ಕೆ ಬಾಗುತ್ತಿತ್ತು. ಅವರು ಮಂಡಿಯನ್ನು ಮುಟ್ಟಲೇ ಇಲ್ಲ, ಮಂಡಿ ಒಳಕ್ಕೆ ಬಾಗದಂತೆ ಹಿಡಿಯುವ ಸೊಂಟದ ಪಕ್ಕದ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟರು. ಮೂರು ತಿಂಗಳು, ದಿನಾ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಅವರೇ ನಿಂತಿರುತ್ತಿದ್ದರು. ಅದು ಯಾವ ಪ್ರೊಮೋಷನ್ ಅರ್ಜಿಯಲ್ಲೂ ಬರುವ ಕೆಲಸವಲ್ಲ. ಪ್ರಬಂಧಗಳ ಪಟ್ಟಿಗಿಂತ ಅದೇ ದೊಡ್ಡದು ಅಂತ ನಾನು ನಂಬುತ್ತೇನೆ.

ಯಾದಗಿರಿ ಕಡೆಯ ಆ ಹುಡುಗಿ, ಇಂಗ್ಲಿಷ್ ಬರಲ್ಲ ಅಂತ ಅಳುತ್ತಿದ್ದವಳು, ಈಗ ಲೆಕ್ಚರರ್. ನೀನು ಕಂಡದ್ದನ್ನು ಮೊದಲು ಕನ್ನಡದಲ್ಲಿ ನನಗೆ ಹೇಳವ್ವಾ, ಇಂಗ್ಲಿಷ್ ಆಮೇಲೆ ನೋಡೋಣ ಅಂತ ಅವಳನ್ನು ಕೂರಿಸಿಕೊಂಡು ಕೇಳುತ್ತಿದ್ದರು. ಅವಳೂ ಬರುತ್ತಾಳಂತೆ.

ಶುಕ್ರವಾರ ರಾತ್ರಿ ಬೆಂಗಳೂರಿಂದ ರೈಲು ಹತ್ತು, ಬೆಳಿಗ್ಗೆ ಸ್ಟೇಷನ್‌ನಲ್ಲಿ ನಾನಿರುತ್ತೇನೆ. ಗಂಜ್‌ನಲ್ಲಿ ಬರೆದ ನೋಟ್‌ಬುಕ್ ನಿನ್ನ ಹತ್ತಿರವೇ ಇದೆ, ತಪ್ಪದೆ ತಾ. ಸರ್ ಅದನ್ನು ಕೇಳಿದರು.

ನಿನ್ನ
ಮಲ್ಲು